ಮಳೆ ನಿಂತ ಮೇಲಿನ ಮೂರು ದಿನ

2020ರ ಅಕ್ಟೋಬರ್ 13ರ ಬೆಳಿಗ್ಗೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತವೊಂದು ಆಂಧ್ರದ ಕಾಕಿನಾಡ ಬಳಿ ದಡ ದಾಟಿತು. ದಡ ದಾಟಿದ ಮೇಲೆ ಇಂಥವು ಸಾಮಾನ್ಯವಾಗಿ ಬಹಳ ದೂರ ಬರುವುದಿಲ್ಲ, ದಾರಿಯಲ್ಲೇ ಚದುರುತ್ತವೆ. ಇದು ಚದುರಲಿಲ್ಲ. ತೆಲಂಗಾಣ ದಾಟಿ, ಮರುದಿನ ಕಲಬುರಗಿ, ವಿಜಯಪುರದ ಮೇಲೆ ಸುರಿದು, ಅಲ್ಲಿಂದ ಸೊಲ್ಲಾಪುರ, ಪಂಢರಪುರದ ಕಡೆ ಸಾಗಿತು. ಅದು ಚಿತ್ತಿ ಮಳೆಯ ಕಾಲ. ಹೊಲದಲ್ಲಿ ತೊಗರಿ ನಿಂತಿತ್ತು, ಹಿಂಗಾರಿ ಜೋಳದ ಬಿತ್ತನೆಯ ಹೊತ್ತು. ಇಂಡಿ, ಸಿಂದಗಿ ಕಡೆಯ ಸಾವಿರಾರು ಮನೆಗಳಲ್ಲಿ ಮಂದಿ ಬಾಗಿಲು ಹಾಕಿಕೊಂಡು ಒಳಗೆ ಕುಳಿತು ಮಳೆ ನಿಲ್ಲುವುದನ್ನು ಕಾದರು. ಮಳೆ ನಿಂತಿತು. ಭೀಮಾ ಹೊಳೆ ಏರಿದ್ದು ಆಮೇಲೆ. ನಮ್ಮ ಮೇಲೆ ಹಾದುಹೋದ ಅದೇ ಮೋಡ ಮೇಲೆ ಮಹಾರಾಷ್ಟ್ರದಲ್ಲಿ ಸುರಿಸಿದ ನೀರು ಉಜನಿ ಜಲಾಶಯದಿಂದ, ನೀರಾ ಹೊಳೆಯ ವೀರ ಜಲಾಶಯದಿಂದ ಇಳಿದು, ಇಂಡಿ, ಚಡಚಣ, ಆಲಮೇಲ ದಂಡೆಯ ಊರುಗಳಿಗೆ ನುಗ್ಗಿತು.

ವಿಜಯಪುರ ಜಿಲ್ಲೆಯ ಮಂದಿಗೆ ಮೊದಲು ಹೇಳಬೇಕಾದ ಮಾತು ಇದೇ. ಇಲ್ಲಿ ಅಪಾಯ ಮಳೆಯ ಜೊತೆಗೇ ಮುಗಿಯುವುದಿಲ್ಲ. ಹೊಳೆ ಬರುವುದು ಮಳೆ ನಿಂತ ಮೇಲೆ. ನೆನೆದ ಮಣ್ಣಿನ ಗೋಡೆ ಬೀಳುವುದೂ ಎಷ್ಟೋ ಸಲ ಮಳೆ ನಿಂತ ಮೇಲೆಯೇ. ಆದ್ದರಿಂದ ಮನೆಯೊಳಗೆ ಸಿಕ್ಕಿಬಿದ್ದ ಕುಟುಂಬ ಲೆಕ್ಕ ಹಾಕಬೇಕಾದದ್ದು ಮಳೆ ಸುರಿಯುವ ದಿನಗಳನ್ನಷ್ಟೇ ಅಲ್ಲ, ಅದರ ಮೇಲೆ ಇನ್ನೂ ಮೂರು ದಿನವನ್ನು.

ಉತ್ತರದ ದೇಶಗಳಲ್ಲಿ ಚಳಿಗಾಲದ ಬಿರುಗಾಳಿ ಎಂದರೆ ಹಿಮ. ನಮ್ಮಲ್ಲಿ ಚಳಿಗಾಲದ ಬಾಗಿಲು ತೆರೆಯುವುದು ಹಿಂಗಾರಿಯ ಜಡಿಮಳೆ. ವಿಜಯಪುರ ಜಿಲ್ಲೆಗೆ ವರ್ಷವಿಡೀ ಬೀಳುವ ಮಳೆಯೇ 600 ಮಿಲಿಮೀಟರ್ ಆಸುಪಾಸು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 115.6 ಮಿಲಿಮೀಟರ್ ದಾಟಿದರೆ ಅದು 'ಅತಿ ಭಾರಿ ಮಳೆ'. ಅಂದರೆ ಅಂಥ ಒಂದೇ ದಿನದಲ್ಲಿ ವರ್ಷದ ಐದನೇ ಒಂದು ಪಾಲು ಬಿದ್ದಂತೆ. ಬರಗಾಲಕ್ಕೆಂದು ಕಟ್ಟಿದ ಮನೆ, ಬರಗಾಲಕ್ಕೆಂದು ಮಾಡಿದ ದಾರಿ ಇದನ್ನು ತಾಳುವುದಿಲ್ಲ. ಎರಿ ಭೂಮಿಯಲ್ಲಿ ತೋಟದ ವಸ್ತಿ ಮಾಡಿಕೊಂಡವರ ಪಾಡಂತೂ ಇನ್ನೂ ಕಷ್ಟ. ಒಂದು ರಾತ್ರಿಯ ಮಳೆಗೆ ವಸ್ತಿಯಿಂದ ಊರಿಗೆ ಹೋಗುವ ದಾರಿ ರಾಡಿಯಾಗಿ ಬೈಕಿನ ಚಕ್ರ ತಿರುಗುವುದಿಲ್ಲ, ಟ್ರ್ಯಾಕ್ಟರ್ ಹೂಳುತ್ತದೆ.

ಮೊದಲು ನೋಡಬೇಕಾದದ್ದು ಮಾಳಿಗೆ

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ಈ ಭಾಗದ ಹಿರಿಯರು ಮರೆತಿಲ್ಲ. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹಲವರನ್ನು ಕೊಂದದ್ದು ಹೊಳೆಯಲ್ಲ, ತಲೆಯ ಮೇಲಿನ ಮನೆ.

ಮೇಲ್ಮುದ್ದಿಯ ಮಣ್ಣಿನ ಮಾಳಿಗೆ ಈ ಬಿಸಿಲಿಗೆ ಹೇಳಿ ಮಾಡಿಸಿದ ಮನೆ. ಏಪ್ರಿಲ್ ತಿಂಗಳಲ್ಲಿ ಅದರೊಳಗೆ ಕುಳಿತವರಿಗೆ ಅದರ ಬೆಲೆ ಗೊತ್ತು. ಆದರೆ ಅದರ ಭಾರವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ ಒಣಗಿದಾಗಲೇ ಅದು ನಾಲ್ಕು ಟನ್ನಿಗೂ ಹೆಚ್ಚು. ನೆನೆದರೆ ಇನ್ನೂ ಮುಕ್ಕಾಲು, ಒಂದು ಟನ್ ಸೇರುತ್ತದೆ. ಸೋರುತ್ತದೆ ಎಂದು ವರ್ಷ ವರ್ಷವೂ ಹಳೆಯದರ ಮೇಲೆಯೇ ಹೊಸ ಸವಳು ಮಣ್ಣು ಹಾಕುತ್ತ ಹೋದ ಮನೆಗಳಲ್ಲಿ ಒಂದಡಿ ಅಲ್ಲ, ಒಂದೂವರೆ ಅಡಿ ಮಣ್ಣು ಕುಳಿತಿರುತ್ತದೆ. ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಕೆರೆದು ಇಳಿಸಿ. ಇದು ಬೇಸಿಗೆಯ ಕೆಲಸ. ಮಳೆಗಾಲದಲ್ಲಿ ನೆನಪಾದರೆ ಉಪಯೋಗವಿಲ್ಲ.

ನಿಮ್ಮ ಮಾಳಿಗೆಯ ಭಾರ ಯಾವುದರ ಮೇಲೆ ನಿಂತಿದೆ ಎಂಬುದನ್ನು ಇವತ್ತೇ ತಲೆಯೆತ್ತಿ ನೋಡಿ. ಕಟ್ಟಿಗೆಯ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ ಇರುವ ಹಳೆಯ ಮನೆಯಾದರೆ, ಹೊರಗೋಡೆ ಕುಸಿದರೂ ಮಾಳಿಗೆ ಕಂಬದ ಮೇಲೆ ಸ್ವಲ್ಪ ಹೊತ್ತು ನಿಲ್ಲಬಹುದು, ಹೊರಗೆ ಬರಲು ಸಮಯ ಸಿಗಬಹುದು. ಕಂಬವಿಲ್ಲದೆ ಜಂತಿಗಳು ನೇರವಾಗಿ ಮಣ್ಣಿನ ಗೋಡೆಯ ಮೇಲೇ ಕುಳಿತಿದ್ದರೆ, ಗೋಡೆ ಬಿದ್ದ ಕ್ಷಣವೇ ಮಾಳಿಗೆಯೂ ಬೀಳುತ್ತದೆ. ಎರಡನೆಯ ಬಗೆಯ ಕೋಣೆಯಲ್ಲಿ ಜಡಿಮಳೆಯ ರಾತ್ರಿ ಯಾರೂ ಮಲಗಬಾರದು, ದನವನ್ನೂ ಕಟ್ಟಬಾರದು.

ಗೋಡೆ ಮುನ್ಸೂಚನೆ ಕೊಡುತ್ತದೆ. ನಿನ್ನೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಇಂದು ಚೌಕಟ್ಟಿಗೆ ಸಿಕ್ಕಿಕೊಂಡರೆ ಗೋಡೆ ಜರುಗಿದೆ ಎಂದರ್ಥ. ಗೋಡೆಯ ಬುಡ ನೆನೆದು ಉಬ್ಬುವುದು, ಜಂತಿಯ ಸಂದಿನಿಂದ ಮಣ್ಣು ಉದುರುವುದು, ಬಿರುಕು ಬೆರಳು ಹೋಗುವಷ್ಟು ಅಗಲವಾಗುವುದು, ಕಟ್ಟಿಗೆ ಕಟಕಟ ಎನ್ನುವುದು, ಇವುಗಳಲ್ಲಿ ಒಂದು ಕಂಡರೂ ಸಾಕು, ಎದ್ದು ಹೊರಡಿ. 'ಮುತ್ಯಾನ ಕಾಲದಿಂದ ನಿಂತದ, ಈಗೇನ್ ಬೀಳ್ತದ' ಎಂದು ಮನೆಯ ಹಿರಿಯರು ಹಟ ಹಿಡಿಯುತ್ತಾರೆ. ಅವರ ಮೇಲೆ ರೇಗಬೇಡಿ. 'ಆಯಿ, ನೀ ಬರಲಿಲ್ಲಂದ್ರ ಹುಡುಗರೂ ಬರೂದಿಲ್ಲ' ಎನ್ನಿ, ಎದ್ದು ಬರುತ್ತಾರೆ.

ಎಲ್ಲಿಗೆ ಹೋಗುವುದು ಎಂಬುದನ್ನು ಮಳೆ ಶುರುವಾಗುವ ಮೊದಲೇ ಮಾತಾಡಿಕೊಂಡಿರಬೇಕು. ಓಣಿಯಲ್ಲಿ ಆರ್‌ಸಿಸಿ ಮನೆಯವರು ಯಾರು, ಶಾಲೆಯ ಬೀಗದ ಕೈ ಯಾರ ಹತ್ತಿರ ಇದೆ, ಸಮುದಾಯ ಭವನದಲ್ಲಿ ಶೌಚಾಲಯಕ್ಕೆ ನೀರಿದೆಯೇ, ಇವು ಅಕ್ಟೋಬರಿನ ನಡುರಾತ್ರಿ ಕೇಳುವ ಪ್ರಶ್ನೆಗಳಲ್ಲ. 2009ರ ನಂತರ 'ಆಸರೆ' ಯೋಜನೆಯಲ್ಲಿ ಮನೆ ಪಡೆದು ಹಳೆಯ ಊರಿನಲ್ಲೇ ಉಳಿದವರಿಗೆ ಒಂದು ಮಾತು: ಆ ಮನೆಯಲ್ಲಿ ಕಣಿಕೆ, ಕಟ್ಟಿಗೆ ತುಂಬಿಡಬೇಡಿ. ಒಂದು ಕೋಣೆಯನ್ನಾದರೂ ಗುಡಿಸಿ, ಬಾಗಿಲು ಸರಿಮಾಡಿ ಇಡಿ. ಮೂರು ರಾತ್ರಿ ಮಲಗಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಸಿಗದು.

ಸೋರುವ ಮಾಳಿಗೆಗೆ ತಾಡಪತ್ರಿ ಹಾಸುವುದಿದ್ದರೆ ಮಳೆಗೆ ಮೊದಲು ಹಾಸಿ. ಅಂಚಿಗೆ ಇಡುವ ಉಸುಕಿನ ಚೀಲ ಗೋಡೆಯ ನೇರಕ್ಕೆ ಇರಲಿ, ಮಾಳಿಗೆಯ ನಡುವೆ ಬೇಡ. ನೀರು ಇಳಿಯುವ ಕೊಳವೆಯಲ್ಲಿ ಕಸ ಸಿಕ್ಕಿದ್ದರೆ ತೆಗೆಯಿರಿ, ನಿಂತ ನೀರೇ ಮಾಳಿಗೆಯ ದೊಡ್ಡ ವೈರಿ. ಆದರೆ ಎರಡು ದಿನ ನೆನೆದ ಮಾಳಿಗೆಯ ಮೇಲೆ ಯಾರೂ ಹತ್ತಬಾರದು. ಸೋರುವ ಜಾಗಕ್ಕೆ ಮಣ್ಣು ಹಾಕಲು ಹೋದವರ ಭಾರಕ್ಕೇ ಜಂತಿ ಮುರಿಯಬಹುದು. ಬಿಸಿಲು ಬಿದ್ದ ಕೂಡಲೇ ಒಳಗೆ ಹೋಗಿ ಹಾಸಿಗೆ ಬಿಡಿಸಬೇಡಿ. ಗೋಡೆಯ ಮೇಲ್ಮೈ ಒಣಗಿದಂತೆ ಕಂಡರೂ ಒಡಲು ಹಸಿಯಾಗಿರುತ್ತದೆ. ಎರಡು ಮೂರು ದಿನ ಕಾದು, ಬುಡದಿಂದ ನೋಡಿಕೊಂಡು ಒಳಗೆ ಹೋಗಿ.

ಕರೆಂಟು

ಹಸಿ ಮಣ್ಣಿನ ಗೋಡೆಯಲ್ಲಿ, ಪತ್ರಾಸಿನ ಸೂರಿನಲ್ಲಿ ವಿದ್ಯುತ್ ಹರಿಯುತ್ತದೆ. ಮನೆಗೆ ಬರುವ ಸರ್ವಿಸ್ ವೈರು ಪತ್ರಾಸಿಗೆ ತಾಗಿಕೊಂಡಿದ್ದರೆ ಅದನ್ನು ಬೇಸಿಗೆಯಲ್ಲೇ ಹೆಸ್ಕಾಂನ ಲೈನ್‌ಮನ್ ಕೈಯಿಂದ ಬೇರೆ ಮಾಡಿಸಿ. ಗೋಡೆ ಮುಟ್ಟಿದಾಗ ಜುಮ್ ಎಂದರೆ ಚಪ್ಪಲಿ ಹಾಕಿಕೊಂಡು, ಒಣಗಿದ ಕೈಯಲ್ಲಿ ಮೇನ್ ಸ್ವಿಚ್ ತೆಗೆಯಿರಿ. ಸ್ವಿಚ್ ಇರುವಲ್ಲೇ ನೀರು ನಿಂತಿದ್ದರೆ ಮುಟ್ಟದೆ ಹೊರಗೆ ಬಂದು 1912ಕ್ಕೆ ಫೋನ್ ಮಾಡಿ. ಹೊಲದಲ್ಲಿ ತಂತಿ ಕಡಿದು ಬಿದ್ದಿದ್ದರೆ ಹತ್ತು ಮೀಟರ್ ದೂರ ಇರಬೇಕು. ದನ ಆ ಕಡೆ ಹೋದರೂ ಬಿಡಿಸಲು ಓಡಬೇಡಿ. ಕಂಬಕ್ಕಾಗಲೀ ಅದರ ಆಧಾರದ ತಂತಿಗಾಗಲೀ ದನ ಕಟ್ಟುವ ರೂಢಿಯನ್ನು ಬಿಟ್ಟೇಬಿಡಿ.

ಸಿಡಿಲಿನ ಲೆಕ್ಕ ಸರಳ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮಿಂದ ಹತ್ತು ಕಿಲೋಮೀಟರಿನ ಒಳಗಿದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಹೋಗಬಾರದು. ಬೇವಿನ ಗಿಡದ ಬುಡಕ್ಕೆ ನಿಲ್ಲುವ ಕುರಿಗಾಹಿಗೂ ಈ ಮಾತು ಮುಟ್ಟಿಸಿ. 'ದಾಮಿನಿ' ಎಂಬ ಆ್ಯಪ್ ನಿಮ್ಮ ಸುತ್ತ ಸಿಡಿಲು ಎಲ್ಲಿ ಬೀಳುತ್ತಿದೆ ಎಂದು ತೋರಿಸುತ್ತದೆ, ಪುಣೆಯ ವಿಜ್ಞಾನಿಗಳು ಮಾಡಿದ್ದು, ದುಡ್ಡು ಬೇಡ.

ಅಡುಗೆಮನೆಯ ಆರು ದಿನ

ಕರೆಂಟು ಹೋದರೆ ಮೊದಲು ನಿಲ್ಲುವುದು ಗಿರಣಿ. ಚೀಲ ತುಂಬ ಜೋಳ ಇದ್ದರೂ ಹಿಟ್ಟಿಲ್ಲದಿದ್ದರೆ ರೊಟ್ಟಿಯಿಲ್ಲ. ಹಾಗೆಂದು ತಿಂಗಳ ಹಿಟ್ಟು ಬೀಸಿಟ್ಟರೆ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ. ಇದಕ್ಕೆ ನಮ್ಮ ಹೆಣ್ಣುಮಕ್ಕಳು ಯಾವತ್ತೋ ಕಂಡುಕೊಂಡ ಉತ್ತರ ಕಡಕ್ ರೊಟ್ಟಿ. ಹವಾಮಾನ ಇಲಾಖೆಯ ಆರೆಂಜ್ ಎಚ್ಚರಿಕೆ ಬಂದ ದಿನವೇ ಎರಡು ಪುಟ್ಟಿ ರೊಟ್ಟಿ ಬಡಿದು ಒಣಗಿಸಿ, ಬಟ್ಟೆ ಸುತ್ತಿ ಮೇಲೆ ಇಟ್ಟರೆ ಆರು ದಿನ ಒಲೆ ಹಚ್ಚದೆಯೂ ಊಟ ಆಗುತ್ತದೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಉಳ್ಳಾಗಡ್ಡಿ. ಇದು ಹೊಟ್ಟೆ ತುಂಬಿಸುವ ಊಟವಷ್ಟೇ ಅಲ್ಲ. ಜೋಳದ ಜೊತೆ ಶೇಂಗಾ, ಅಗಸಿ ಸೇರಿದರೆ ಎಣ್ಣೆಯಂಶ, ಪ್ರೋಟೀನು ಎರಡೂ ಸಿಗುತ್ತವೆ. ಮಕ್ಕಳಿಗೆ ಚುರುಮುರಿ, ಪುಠಾಣಿ, ಬೆಲ್ಲ ಇರಲಿ. ಹಲ್ಲಿಲ್ಲದ ಮುತ್ಯಾ, ಆಯಿಗೆ ರೊಟ್ಟಿಯನ್ನು ಬಿಸಿ ಹಾಲಿನಲ್ಲೋ ಸಾರಿನಲ್ಲೋ ನೆನೆಸಿ ಕೊಡಬೇಕು. ಅದಕ್ಕಾಗಿ ದಿನಕ್ಕೊಮ್ಮೆ ಒಲೆ ಹಚ್ಚುವಷ್ಟು ಒಣ ಕುಳ್ಳು, ತೊಗರಿ ಕಟ್ಟಿಗೆ ಒಳಗೆ ತೆಗೆದಿಡಿ. ಗ್ಯಾಸ್ ಸಿಲಿಂಡರ್ ಇದ್ದರೂ ಇಡಿ, ಯಾಕೆಂದರೆ ರಸ್ತೆ ಕಡಿದರೆ ಸಿಲಿಂಡರ್ ಗಾಡಿ ಬರುವುದಿಲ್ಲ.

ನೀರಿನ ವಿಷಯದಲ್ಲಿ ನಾವು ಮೋಸ ಹೋಗುತ್ತೇವೆ. ಸುತ್ತ ನೀರೇ ನೀರು, ಕುಡಿಯಲು ಮಾತ್ರ ಇಲ್ಲ. ಬಹುಗ್ರಾಮ ಕುಡಿಯುವ ನೀರಿನ ಯೋಜನೆಯ ಮೋಟಾರು, ಊರಿನ ಶುದ್ಧ ನೀರಿನ ಘಟಕ ಎರಡೂ ಕರೆಂಟಿನ ಮೇಲೆ ನಡೆಯುವಂಥವು. ಒಬ್ಬರಿಗೆ ದಿನಕ್ಕೆ ಕುಡಿಯಲು, ಅಡುಗೆಗೆ ಕನಿಷ್ಠ ನಾಲ್ಕು ಲೀಟರ್ ಎಂದು ಹಿಡಿದರೆ ಐದು ಮಂದಿಯ ಮನೆಗೆ ಆರು ದಿನಕ್ಕೆ 120 ಲೀಟರ್, ಅಂದರೆ ಇಪ್ಪತ್ತು ಲೀಟರಿನ ಆರು ಕ್ಯಾನು. ಮುಗಿದರೆ ಮಳೆನೀರನ್ನೇ ಸ್ವಚ್ಛ ತಾಡಪತ್ರಿಯಲ್ಲಿ ಹಿಡಿದು, ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ ಕುಡಿಯಬಹುದು. ಮಣ್ಣಿನ ಮಾಳಿಗೆಯಿಂದ ಇಳಿದ ನೀರು ಬೇಡ. ಕ್ಲೋರಿನ್ ಮಾತ್ರೆಯನ್ನು ಆಶಾ ಕಾರ್ಯಕರ್ತೆಯ ಹತ್ತಿರ ಮೊದಲೇ ಕೇಳಿ ಇಟ್ಟುಕೊಳ್ಳಿ. ಭೇದಿ ಶುರುವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ತಲೆಸವರಿ ಅಳೆದು ಹಾಕಿ. ಉಪ್ಪು ಹೆಚ್ಚಾದರೆ ಮಗುವಿಗೆ ಕೆಡುಕು.

ಚಳಿಗೆ ಹಚ್ಚುವ ಕೆಂಡ

ಮೂರು ದಿನ ಬಿಸಿಲಿಲ್ಲದೆ ಗಾಳಿ ಬೀಸಿದರೆ ಮನೆಯೊಳಗೆ ಚಳಿ ಹೊಕ್ಕುತ್ತದೆ. ಬಾಗಿಲು, ಬೆಳಕಿಂಡಿ ಎಲ್ಲ ಮುಚ್ಚಿ ಬುಟ್ಟಿಯಲ್ಲಿ ಇದ್ದಲಿ ಕೆಂಡ ಇಟ್ಟುಕೊಂಡು ಮಲಗುವುದು ಎಷ್ಟೋ ಮನೆಗಳ ರೂಢಿ. ದಯವಿಟ್ಟು ಇದನ್ನು ಮಾಡಬೇಡಿ. ಹೊಗೆ ಕಾಣದ ಕೆಂಡದಿಂದಲೂ ಕಾರ್ಬನ್ ಮೋನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದು ಮಲಗಿದವರು ಏಳುವುದಿಲ್ಲ. ಡೀಸೆಲ್ ಜನರೇಟರನ್ನೂ ಪಡಸಾಲೆಯೊಳಗೆ ಇಡಬಾರದು. ಕೆಂಡ ಕಾಯಿಸಿಕೊಳ್ಳಬೇಕೆಂದರೆ ಎಚ್ಚರವಿದ್ದಾಗ, ಬೆಳಕಿಂಡಿ ತೆರೆದು ಕಾಯಿಸಿಕೊಳ್ಳಿ. ಮಲಗುವ ಮೊದಲು ಹೊರಗೆ ಇಡಿ. ರಾತ್ರಿಗೆ ಒಣ ಬಟ್ಟೆ, ಕಂಬಳಿ, ಅವ್ವ ಹೊಲಿದ ಕೌದಿ ಸಾಕು. ಎಳೆಗೂಸನ್ನು ತಾಯಿಯ ಎದೆಗೆ ಮೈತಾಗಿಸಿ ಮೇಲೆ ಹೊದಿಸಿ. ತಲೆಗೆ ಕುಲಾಯಿ ಇರಲಿ.

ಹೆರಿಗೆಯ ದಿನ ಹತ್ತಿರ ಇರುವ ಸೊಸೆ, ಮಗಳು ವಸ್ತಿಯಲ್ಲಿದ್ದರೆ ಎಚ್ಚರಿಕೆ ಬಂದ ದಿನವೇ ತಾಲ್ಲೂಕು ಊರಿನ ಬೀಗರ ಮನೆಗೋ ಆಸ್ಪತ್ರೆ ಹತ್ತಿರಕ್ಕೋ ಕರೆದೊಯ್ಯಿರಿ. 108 ಗಾಡಿ ಹಳ್ಳದ ಆಚೆ ದಂಡೆಯವರೆಗೆ ಮಾತ್ರ ಬರಬಲ್ಲದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೂ ಇದೇ ಮಾತು. ಬಿಪಿ, ಸಕ್ಕರೆ ಕಾಯಿಲೆಯವರ ಹತ್ತಿರ ಹದಿನೈದು ದಿನದ ಗುಳಿಗೆ ಇರಲಿ. ಫ್ರಿಜ್ ನಿಂತರೆ ಇನ್ಸುಲಿನ್ ಬಾಟಲಿಯನ್ನು ನೀರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ ಇಡಬಹುದು.

ನೀರು ಬಿಲ ತುಂಬಿದಾಗ ಹಾವು, ಚೇಳು ಒಣ ಜಾಗ ಹುಡುಕಿಕೊಂಡು ಬಣವೆಗೆ, ಕುಳ್ಳಿನ ರಾಶಿಗೆ, ಮನೆಯ ಮೂಲೆಗೆ ಬರುತ್ತವೆ. ಕಟ್ಟಿಗೆ ತೆಗೆಯುವಾಗ ಮೊದಲು ಕೋಲಿನಿಂದ ಬಡಿಯಿರಿ. ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದಂತೆ ಪಟ್ಟಿ ಕಟ್ಟಿ, ನಡೆಸದೆ ಎತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ವಿಷಕ್ಕೆ ಮದ್ದು ಅಲ್ಲಿದೆ.

ಹಳ್ಳ, ಡೋಣಿ, ಭೀಮೆ

ಮೂರೂ ಬರುವ ರೀತಿ ಬೇರೆ ಬೇರೆ. ಹಳ್ಳ ಗಂಟೆಯೊಳಗೆ ಬರುತ್ತದೆ, ನಿಮ್ಮ ತಲೆ ಮೇಲೆ ಬಿಸಿಲಿದ್ದಾಗಲೂ ಬರಬಹುದು. ಮೇಲಿನ ಊರಿನ ಮಳೆ ಅದಕ್ಕೆ ಸಾಕು. ಡೋಣಿ ಅದಕ್ಕಿಂತ ಅಗಲ, ಹೂಳು ತುಂಬಿದ ಹೊಳೆ. ಪಾತ್ರ ಬಿಟ್ಟು ಹೊಲಕ್ಕೆ ಹರಡಿಕೊಳ್ಳುತ್ತದೆ. ತಾಳಿಕೋಟಿ ಬಳಿಯ ಹಡಗಿನಾಳ ಸೇತುವೆ, ದೇವರಹಿಪ್ಪರಗಿ ಕಡೆಯ ಸಾತಿಹಾಳ ಸೇತುವೆ ಮುಳುಗಿತೆಂದು ಪ್ರತಿ ದೊಡ್ಡ ಮಳೆಗೂ ಸುದ್ದಿ ಬರುತ್ತದೆ. ಭೀಮೆ ಮಾತ್ರ ಹೇಳಿಬರುವ ಹೊಳೆ. ಉಜನಿಯಿಂದ ಬಿಟ್ಟ ನೀರು ಇಲ್ಲಿಗೆ ಮುಟ್ಟಲು ಒಂದೆರಡು ದಿನ ಬೇಕು. ಆದ್ದರಿಂದ ಭೀಮೆಯ ದಂಡೆಯವರು ತಮ್ಮೂರಿನ ಮೋಡ ನೋಡುವುದಕ್ಕಿಂತ ಸೊಲ್ಲಾಪುರದ ಸುದ್ದಿ ಕೇಳುವುದು ಮೇಲು. 2025ರ ಸೆಪ್ಟೆಂಬರ್ ಕೊನೆಯಲ್ಲೂ ಆದದ್ದು ಇದೇ. ಸೀನಾ ಹೊಳೆಯ ಸೀಮೆಯಲ್ಲಿ ಸುರಿದದ್ದು ಇಲ್ಲಿ ದಂಡೆ ಮೀರಿ ಬಂತು. ಮುದ್ದೇಬಿಹಾಳ, ನಿಡಗುಂದಿ ಕಡೆಯ ಕೃಷ್ಣಾ ದಂಡೆಯವರಿಗೆ ಆಲಮಟ್ಟಿಯಿಂದ ಎಷ್ಟು ಬಿಟ್ಟರು ಎಂಬ ಲೆಕ್ಕ ಮುಖ್ಯ.

ಸೇತುವೆ ಮೇಲೆ ನೀರಿದ್ದರೆ ದಾಟಬೇಡಿ. ಹರಿಯುವ ನೀರು ಆರು ಇಂಚಿದ್ದರೂ ದೊಡ್ಡವರ ಕಾಲು ಕೀಳುತ್ತದೆ, ಒಂದಡಿಯಿದ್ದರೆ ಸಣ್ಣ ಕಾರು ತೇಲುತ್ತದೆ. ನೀರಿನ ಕೆಳಗೆ ಸೇತುವೆ ಇನ್ನೂ ಇದೆಯೇ ಎಂಬುದು ಮೇಲಿನಿಂದ ಕಾಣುವುದಿಲ್ಲ. ದಿನಾ ಓಡಾಡುವ ದಾರಿ ಎಂಬ ಧೈರ್ಯವೇ ಇಲ್ಲಿ ಜೀವ ತೆಗೆಯುತ್ತದೆ. ಕಟ್ಟಿದ ದನಗಳನ್ನು ಹೊಳೆ ಏರುವ ಮೊದಲೇ ದಿಬ್ಬಕ್ಕೆ ಹೊಡೆದುಬಿಡಿ. ಸಮಯ ಸಿಗದಿದ್ದರೆ ಹಗ್ಗವನ್ನಾದರೂ ಬಿಚ್ಚಿ, ಈಜಿ ಬದುಕುತ್ತವೆ. ನೆನೆದು ಬೂಸಲು ಹಿಡಿದ ಕಣಿಕೆ ಹಾಕಬೇಡಿ. ದನದ ಕಾಯಿಲೆಗೆ 1962.

ನಿಮ್ಮ ಊರಿಗೇ ಮಳೆ ಎಷ್ಟು ಎಂದು ಕೇಳಬೇಕೆಂದರೆ ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿ ಇದೆ: 92433 45433, ಹಗಲು ರಾತ್ರಿ ಕನ್ನಡದಲ್ಲಿ ಉತ್ತರಿಸುತ್ತಾರೆ. ಅವರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಮೊಬೈಲ್ ಟವರ್ ಸತ್ತಾಗ ಕೇಳಲು ಬ್ಯಾಟರಿ ಹಾಕುವ ಸಣ್ಣ ರೇಡಿಯೊ ಇಡಿ, ಆಕಾಶವಾಣಿಯ ವಿಜಯಪುರ ಕೇಂದ್ರ ಹಿಡಿಯುತ್ತದೆ. ಮೊಬೈಲ್ ಚಾರ್ಜಿಗೆ ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ಚುವ ಚಾರ್ಜರ್ ಒಂದಿದ್ದರೆ ಇಡೀ ಓಣಿಗೆ ಆಗುತ್ತದೆ. ಜೀವಕ್ಕೆ ಅಪಾಯವಿದ್ದರೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077. ಈ ಅಂಕಿಗಳನ್ನು ಫೋನಿನಲ್ಲಷ್ಟೇ ಅಲ್ಲ, ಬಾಗಿಲ ಹಿಂದೆ ಬಣ್ಣದಲ್ಲಿ ಬರೆದಿಡಿ.

ಗೋಡೆ ಬಿದ್ದ ಮೇಲೆ ಕಾಗದ

ಮನೆ ಬಿದ್ದರೆ ಮಣ್ಣು ಎತ್ತುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಮನೆಯ ಯಜಮಾನರೂ ಬಿದ್ದ ಗೋಡೆಯೂ ಒಂದೇ ಚಿತ್ರದಲ್ಲಿರಲಿ. ಗ್ರಾಮ ಆಡಳಿತ ಅಧಿಕಾರಿಗೆ ಫೋನಿನಲ್ಲಿ ಹೇಳಿದರೆ ಸಾಲದು, ಬರೆದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2019, 2020ರ ನೆರೆಯಲ್ಲಿ ನೀರು ನುಗ್ಗಿದ ಮನೆಗೆ ತುರ್ತಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿವರೆಗೆ ಸರ್ಕಾರ ಕೊಟ್ಟಿತ್ತು. ಈ ಮೊತ್ತ ಸರ್ಕಾರದ ಆದೇಶದಂತೆ ಬದಲಾಗುತ್ತದೆ, ಆ ವರ್ಷದ್ದನ್ನು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ. ಮನೆಗೆ ಎಷ್ಟು ಹಾನಿ ಎಂದು ಬರೆಯುತ್ತಾರೋ ಅದರ ಮೇಲೆ ಪರಿಹಾರ ನಿಲ್ಲುವುದರಿಂದ, ಅಳೆಯಲು ಬಂದಾಗ ಮನೆಯವರೊಬ್ಬರು ಜೊತೆಗಿರಲೇಬೇಕು. ಒಳಗೋಡೆಯ ಬಿರುಕು, ಮುರಿದ ಜಂತಿ ಎಲ್ಲವನ್ನೂ ಕರೆದು ತೋರಿಸಿ. ಪಂಚನಾಮೆಗೆ ಓದಿಸಿಕೊಂಡು ಸಹಿ ಮಾಡಿ.

ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಹೊಲದ ಉತಾರ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹೊರಡುವಾಗ ಮೊದಲು ಕೈಗೆ ಸಿಗುವಲ್ಲಿ ನೇತುಹಾಕಿ. ಬೆಳೆವಿಮೆ ಕಟ್ಟಿದವರು ಆಲಿಕಲ್ಲು ಬಿದ್ದರೆ, ಇಲ್ಲವೇ ಕೊಯ್ದು ಹೊಲದಲ್ಲಿ ಒಣಗಲು ಹಾಕಿದ ರಾಶಿ ಹದಿನಾಲ್ಕು ದಿನದೊಳಗೆ ಅಕಾಲದ ಮಳೆಗೆ ಸಿಕ್ಕಿದರೆ, 72 ಗಂಟೆಯೊಳಗೆ ವಿಮಾ ಕಂಪನಿಗೋ ಬ್ಯಾಂಕಿಗೋ ರೈತ ಸಂಪರ್ಕ ಕೇಂದ್ರಕ್ಕೋ ತಿಳಿಸಬೇಕು. ದಾರಿ ಕಡಿದು ಊರಲ್ಲೇ ಸಿಕ್ಕಿಕೊಂಡಿದ್ದರೆ ಫೋನಿನಿಂದ ದೂರು ದಾಖಲಿಸಿ ನಂಬರ್ ಬರೆದಿಟ್ಟುಕೊಳ್ಳಿ. ನೀರು ನುಗ್ಗಿದ ಬಾವಿಯನ್ನು ಪೂರ್ತಿ ಎತ್ತಿ ಹೊರಹಾಕಿ, ಹೊಸ ನೀರು ಬಂದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪುಡಿ ಕಲಸಿ, ಒಂದು ಗಂಟೆಯಾದರೂ ಬಿಟ್ಟು ಸೇದಿ.